ಭಾನುವಾರದ ಆತ್ಮರಕ್ಷಣೆ ಅಭ್ಯಾಸಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6:30ಕ್ಕೆ ಟೆರೇಸ್ ಮೇಲೆ ಸೇರೋಣ. ಉಗುರು ಕತ್ತರಿಸಿಕೊಂಡು ಬನ್ನಿ. ಬಳೆ, ಉಂಗುರ ಮನೆಯಲ್ಲೇ ಇರಲಿ. ಕಳೆದ ವಾರ ನನ್ನ ಕೈಗೆ ಬಿದ್ದ ಗೀರು ಇನ್ನೂ ಮಾಸಿಲ್ಲ!

ಮೊದಲು ಮಣಿಕಟ್ಟು ಬಿಡಿಸಿಕೊಳ್ಳುವುದನ್ನೇ ಮತ್ತೆ ಮಾಡೋಣ. ಸುಮ್ನೆ ಹಿಂದಕ್ಕೆ ಎಳೆದರೆ ಆಗಲ್ಲ. ಹಿಡಿದವರ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಒಂದು ಸಂದು ಇರುತ್ತದೆ ಅಲ್ವಾ, ಹಿಡಿತ ಸಡಿಲ ಇರುವುದು ಅಲ್ಲೇ. ಮಣಿಕಟ್ಟಿನ ತೆಳು ಅಂಚನ್ನು ಆ ಸಂದಿನ ಕಡೆ ತಿರುಗಿಸಿ, ಮೊಣಕೈ ಮಡಚಿ ಒಮ್ಮೆಲೇ ಎಳೆಯಿರಿ.

ಹೊಡೆಯುವುದಾದರೆ ಮುಷ್ಟಿ ಬೇಡ, ಅಂಗೈಯ ಬುಡದಿಂದ ಹೊಡೆಯಿರಿ. ಹೊಸಬರು ಮುಷ್ಟಿಯಿಂದ ಗುದ್ದಿ ತಮ್ಮ ಬೆರಳನ್ನೇ ನೋಯಿಸಿಕೊಳ್ಳುತ್ತಾರೆ. ಜೊತೆಗೆ ಜೋರಾಗಿ ಕೂಗಬೇಕು. ನಾಚಿಕೆ ಬೇಡ, ಕೆಳಗಿನ ಮನೆಯವರಿಗೆ ಮೊದಲೇ ಹೇಳಿದ್ದೇನೆ. ಬಿಡಿಸಿಕೊಂಡ ಮೇಲೆ ಅಲ್ಲಿ ನಿಲ್ಲಬೇಡಿ. ಓಡಿ, 112ಕ್ಕೆ ಫೋನ್ ಮಾಡಿ.

ಮಂಡಿ ನೋವು ಇರುವವರು ನನಗೆ ಮೆಸೇಜ್ ಹಾಕಿ.