ಹಲ್ಲು ಅಲ್ಲಾಡುತ್ತದೆ ಎಂದು ಬಂದವರಿಗೆ, ಅವರನ್ನು ಕರೆತಂದವರಿಗೆ

ಅಡಿಕೆ ಸುಗ್ಗಿಯ ಗಡಿಬಿಡಿಯ ನಡುವೆಯೇ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಹಳ್ಳಿಗಳಲ್ಲಿ ಹಲ್ಲಿನ ತಪಾಸಣೆ ಒಂದು ಸುತ್ತು ಮುಗಿಯಿತು. ಹೆಗಲು ಕೊಟ್ಟ ಎಲ್ಲರಿಗೂ ದಂತವೈದ್ಯರ ನಮ್ಮ ತಂಡದ ವಂದನೆಗಳು. ಬಂದವರಲ್ಲಿ ಹಲವರ ಕೇಳಿಕೆ ಒಂದೇ: "ಹಲ್ಲು ಅಲ್ಲಾಡ್ತದೆ, ಕ್ಲಿಪ್ ಹಾಕಿ ಗಟ್ಟಿ ಮಾಡಿ." ಆದ್ದರಿಂದ ವಂದನೆಯ ಜೊತೆಗೆ ಉತ್ತರವನ್ನೂ ಇಲ್ಲೇ ಬರೆಯುತ್ತಿದ್ದೇವೆ. ಕ್ಲಿಪ್, ಅಂದರೆ ಓರೆಕೋರೆ ಹಲ್ಲಿಗೆ ಹಾಕುವ ತಂತಿ, ಹಲ್ಲನ್ನು ಗಟ್ಟಿ ಮಾಡುವ ಸಾಧನವಲ್ಲ. ಅದು ಹಲ್ಲನ್ನು ಸರಿಸುತ್ತದೆ, ಸರಿಸುವಾಗ ಇನ್ನಷ್ಟು ಸಡಿಲವನ್ನೂ ಮಾಡುತ್ತದೆ.

ಮೊದಲ ವಂದನೆ, ಅಡಿಕೆ ಸುಲಿಯುವ ಚಪ್ಪರದಿಂದ ಹೆಂಗಸರನ್ನು ಅರ್ಧ ದಿನ ಬಿಟ್ಟುಕೊಟ್ಟ ತೋಟದ ಮನೆಯವರಿಗೆ. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂರುವವರಿಗೆ ಎಲೆ-ಅಡಿಕೆಯ ಕವಳವೇ ಜೊತೆಗಾರ. ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಜಾಗದಲ್ಲಿ ವಸಡು ಸರಿದು ಬೇರು ಕಾಣತೊಡಗುತ್ತದೆ. ಗಟ್ಟಿ ಅಡಿಕೆ ಜಗಿದು ಜಗಿದು ದವಡೆ ಹಲ್ಲು ಸವೆಯುತ್ತದೆ. ಬೀಡಿ ಸೇದುವ ಗಂಡಸರದು ಬೇರೆಯೇ ಕಥೆ: ಹೊಗೆಗೆ ವಸಡಿನ ರಕ್ತನಾಳ ಕುಗ್ಗುವುದರಿಂದ ಒಳಗೆ ಎಲುಬು ಕರಗುತ್ತಿದ್ದರೂ ರಕ್ತ ಬರದೇ ಇರಬಹುದು. ರಕ್ತ ಬರಲಿಲ್ಲವೆಂದು ಧೈರ್ಯವಾಗಿದ್ದವರ ಎಕ್ಸ್‌ರೇ ನೋಡಿದರೆ ಬೇರಿನ ಅರ್ಧದವರೆಗೂ ಎಲುಬು ಇಲ್ಲದಿರಬಹುದು.

ಹಲ್ಲು ಎಲುಬಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರವಿದೆ. ಅದರಿಂದಾಗಿ ಆರೋಗ್ಯವಂತ ಹಲ್ಲೂ ಕೂದಲೆಳೆಯಷ್ಟು ಅಲುಗುತ್ತದೆ. ಅಕ್ಕಪಕ್ಕಕ್ಕೆ 1 ಮಿ.ಮೀ. ದಾಟಿದರೆ ಚಿಂತಿಸಬೇಕು, ಒತ್ತಿದಾಗ ಕೆಳಕ್ಕೂ ಇಳಿದರೆ ಆ ಹಲ್ಲು ಉಳಿಯುವುದು ಕಷ್ಟ. ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ವಸಡಿನ ಸಂದಿಗೆ ಇಳಿಸಿ ಅಳೆದದ್ದು ಆ ಸಂದಿಯ ಆಳವನ್ನು: 3 ಮಿ.ಮೀ.ವರೆಗೆ ಸರಿ, 4 ಅಥವಾ ಹೆಚ್ಚಿದ್ದು ರಕ್ತವೂ ಬಂದರೆ ಚಿಕಿತ್ಸೆ ಬೇಕು.

ಆಶಾ ಕಾರ್ಯಕರ್ತೆಯರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಮಧುಮೇಹದ ಚೀಟಿಯನ್ನು ಕೈಯಲ್ಲಿ ಹಿಡಿಸಿಯೇ ಜನರನ್ನು ಕಳಿಸಿದರು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ಸೋಂಕು ಬೇಗ ಬಲಿಯುತ್ತದೆ, ಸೋಂಕು ಇದ್ದರೆ ಸಕ್ಕರೆಯೂ ಇಳಿಯಲು ಸತಾಯಿಸುತ್ತದೆ. ಬಸುರಿಯರ ಹಲ್ಲು ಹಾರ್ಮೋನಿನಿಂದಾಗಿ ಕೊಂಚ ಸಡಿಲವಾಗುವುದುಂಟು. ಅದು ಹೆರಿಗೆಯ ನಂತರ ಸರಿಹೋಗುತ್ತದೆ, ಹೆದರಿ ಕೀಳಿಸಬೇಡಿ. ರಾತ್ರಿ ಹಲ್ಲು ಕಡಿಯುವುದು, ಹುಳುಕು ತುಂಬಿದಾಗ ಎತ್ತರವಾಗಿ ಉಳಿದ ಸಿಮೆಂಟು, ಬೇರಿನ ತುದಿಯ ಕೀವು, ಬಿದ್ದ ಪೆಟ್ಟು ಕೂಡ ಕಾರಣವಾಗಬಹುದು. ಇವಕ್ಕೆ ಮದ್ದು ಬೇರೆ ಬೇರೆ.

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗ್ತದೆ" ಎಂಬ ಅಕ್ಕಪಕ್ಕದವರ ಮಾತಿಗೆ ಕಿವಿಗೊಡದೆ ಎರಡನೇ ಸಲವೂ ಬಂದವರಿಗೆ ವಿಶೇಷ ವಂದನೆ. ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಎಲುಬು ಮೊದಲೇ ಕರಗಿರುತ್ತದೆ. ಕೆಳಗಿನ ಮುಂಬದಿಯ ಹಲ್ಲುಗಳನ್ನು ಗಾರೆಯಂತೆ ಕಟ್ಟಿಕೊಂಡ ಕೊಳೆಯೇ ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಅದನ್ನು ತೆಗೆದಾಗ ಇದ್ದ ಸಡಿಲು ಗೊತ್ತಾಗುತ್ತದೆ. ಊದಿದ ವಸಡು ಇಳಿದು ಹಲ್ಲುಗಳ ನಡುವೆ ಸಂದಿ ಕಾಣುತ್ತದೆ, ತಣ್ಣೀರು ಕೆಲವು ದಿನ ಜುಂ ಎನ್ನುತ್ತದೆ. ಅಲ್ಲಿಗೇ ಚಿಕಿತ್ಸೆ ಬಿಟ್ಟವರು ಎರಡೂ ಕಡೆಯಿಂದ ಸೋಲುತ್ತಾರೆ. ವಸಡಿನೊಳಗಿನ ಆಳದ ಶುಚಿ ಮುಗಿದ ಆರರಿಂದ ಎಂಟು ವಾರಕ್ಕೆ ಮತ್ತೆ ಅಳೆದಾಗ ವಸಡಿನ ಸಂದಿಯ ಆಳ ಕಡಿಮೆಯಾಗಿ, ಎಷ್ಟೋ ಹಲ್ಲು ಬಿಗಿಯಾಗಿರುತ್ತದೆ. ಆಗಲೂ ಜಗಿಯಲು ತೊಂದರೆ ಕೊಡುವ ಹಲ್ಲುಗಳನ್ನು ಹಿಂದಿನಿಂದ ತೆಳು ತಂತಿ ಅಂಟಿಸಿ ಒಟ್ಟಿಗೆ ಕಟ್ಟಬಹುದು. ಮನೆಯಲ್ಲಿ ಮೃದು ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆ ಹಿಡಿದು ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಉಜ್ಜಿ. ಅಗಲ ಸಂದಿಗೆ ಬಾಟಲಿ ಬ್ರಷ್ಷಿನಂಥ ಪುಟ್ಟ ಬ್ರಷ್ ಬಳಸಿ. ಇದ್ದಿಲು (ಮಸಿಕೆಂಡ), ಬೂದಿ ಬೇಡ.

ಶಾಲೆಯ ಮೇಷ್ಟ್ರುಗಳಿಗೂ ಟೀಚರುಗಳಿಗೂ ವಂದನೆ ಹೇಳುವಾಗ ಒಂದು ಎಚ್ಚರಿಕೆ. ಮುಂದಿನ ಎರಡು ಹಲ್ಲಿನ ಸಂದಿ ಮುಚ್ಚಲು ಮಕ್ಕಳು ರಬ್ಬರ್ ಬ್ಯಾಂಡ್ ಸುತ್ತಿಕೊಂಡಿದ್ದರೆ ಆ ದಿನವೇ ದಂತವೈದ್ಯರಲ್ಲಿಗೆ ಕಳಿಸಿ. ಬೇರು ಮೇಲಕ್ಕೆ ಹೋದಂತೆ ಚೂಪು. ಬ್ಯಾಂಡ್ ಅದರ ಮೇಲೆ ಜಾರಿ ವಸಡಿನೊಳಗೆ ಸೇರಿ ಎಲುಬನ್ನು ತಿನ್ನುತ್ತದೆ. ಹೊರಗೆ ಬ್ಯಾಂಡೂ ಕಾಣದು, ಆದರೆ ಚೆನ್ನಾಗಿರುವ ಹಲ್ಲು ಉದುರಬಹುದು. ಆರರಿಂದ ಹನ್ನೆರಡು ವರ್ಷದವರ ಹಾಲು ಹಲ್ಲು ಅಲುಗುವುದು ಸಹಜ. ಆದರೆ ಮೇಲಿನ ಹಲ್ಲು ಕೆಳಗಿನದರ ಹಿಂದೆ ಕೂತು, ಕಚ್ಚಿದಾಗಲೆಲ್ಲ ಕೆಳಗಿನ ಹಲ್ಲು ಮುಂದಕ್ಕೆ ತಳ್ಳಿಸಿಕೊಂಡು ಅಲುಗುತ್ತಿದ್ದರೆ ಕಾಯಬಾರದು. ಅದನ್ನು ಬೇಗ ಸರಿಪಡಿಸಬೇಕು.

ದೊಡ್ಡವರಿಗೆ ಕ್ಲಿಪ್ ಯಾವಾಗ? ವಸಡಿನ ರೋಗದಿಂದ ಮುಂದಿನ ಹಲ್ಲು ಬೀಸಣಿಗೆಯಂತೆ ಹರಡಿದ್ದರೆ, ಕೆಳಗಿನ ಹಲ್ಲು ಮೇಲಿನ ಅಂಗುಳಿಗೆ ತಾಗಿ ಗಾಯ ಮಾಡುತ್ತಿದ್ದರೆ, ಕಿಕ್ಕಿರಿದು ಉಜ್ಜಲಾಗದಿದ್ದರೆ ಯೋಚಿಸಬಹುದು. ಶರತ್ತು ಒಂದೇ: ರಕ್ತ, ಕೀವು ನಿಂತು ಕೆಲವು ತಿಂಗಳು ಹತೋಟಿಯಲ್ಲಿರಬೇಕು. ಸೋಂಕಿನ ಮೇಲೆ ತಂತಿ ಎಳೆದರೆ ಉಳಿದ ಎಲುಬೂ ಹೋಗುತ್ತದೆ. ಎಲುಬು ಕಡಿಮೆ ಇದ್ದಷ್ಟು ಎಳೆತ ಹಗುರವಾಗಿರಬೇಕು, ಶುಚಿ ಮಾಡಿಸುವುದು ಮೂರು ತಿಂಗಳಿಗೊಮ್ಮೆ. ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ. ಸರಿಯುತ್ತದೆ; ಆಗಿನ ಸಡಿಲು ಸಾಮಾನ್ಯ, ಕೆಲಸ ಮುಗಿದ ಮೇಲೆ ಬಿಗಿಯಾಗುತ್ತದೆ. ಕ್ಲಿಪ್ ಬಿಚ್ಚಿದ ಮೇಲೆ ಇಂಥವರಿಗೆ ಹಲ್ಲಿನ ಹಿಂಬದಿಗೆ ಅಂಟಿಸುವ ತಂತಿ ಬಹುಪಾಲು ಜೀವನಪೂರ್ತಿ ಬೇಕು. ಸರಿಸಿದ ಹಲ್ಲು ಹಿಂದಕ್ಕೆ ಹೋಗದಂತೆ ಹಿಡಿಯುವ, ತೆಗೆದು ಮತ್ತೆ ಹಾಕಿಕೊಳ್ಳುವ ರಿಟೇನರ್ ಕೊಟ್ಟಿದ್ದರೆ ಹಂಡೆಯ ಬಿಸಿನೀರಿನಲ್ಲಿ ತೊಳೆಯಬೇಡಿ, ಬಾಗುತ್ತದೆ.

ಮತ್ತೆ ಬರಲು ಚೀಟಿ ಕೊಟ್ಟವರು ಜಡಿಮಳೆ ಹಿಡಿಯುವ ಮೊದಲೇ ಬನ್ನಿ. ಎಕ್ಸ್‌ರೇ, ಈಚಿನ ಸಕ್ಕರೆ ಪರೀಕ್ಷೆಯ ಚೀಟಿ, ದಿನಾ ನುಂಗುವ ಮಾತ್ರೆಗಳ ಹೆಸರು ತನ್ನಿ; ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸದೆ ಮೊದಲೇ ತಿಳಿಸಿ.