ಓದಿ ಹೇಳಿದವರಿಗೆ

ಮೊನ್ನೆ ಭಾನುವಾರ ಒಂದು ಪುಟ ನಾನೇ ಓದಿದೆ, ನಾಲ್ಕು ತಿಂಗಳಾದ ಮೇಲೆ. ಅಕ್ಷರಗಳು ಅಲ್ಲಲ್ಲಿ ಸೊಟ್ಟಗೆ ಕಾಣುತ್ತವೆ, ಇರಲಿ. ಇದನ್ನು ಮೊದಲು ನಿಮಗೆಲ್ಲ ಹೇಳಬೇಕು ಅನ್ನಿಸಿತು.

ಎಡಗಣ್ಣಿನ ಒಳಪರದೆ (ರೆಟಿನಾ) ಕಳಚಿತ್ತು. ಬಲಗಣ್ಣು ಮೊದಲೇ ಮಂದ. ಆಪರೇಷನ್ ಮಾಡಿ, ಪರದೆ ಅಂಟಿಕೊಳ್ಳಲಿ ಅಂತ ಕಣ್ಣೊಳಗೆ ಗ್ಯಾಸ್ ತುಂಬಿದರು. ಹತ್ತು ದಿನ ಬೋರಲು ಮಲಗಬೇಕಿತ್ತು, ಅದೂ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ.

ಅನುವಾದವಾದ ಕವಿತೆಗಳ ಬಗ್ಗೆ ಬರೆಯುವುದೇ ನನ್ನ ಕೆಲಸ. ಮೂಲ ಒಂದು ಕಡೆ, ಕನ್ನಡ ಇನ್ನೊಂದು ಕಡೆ, ಕೈಯಲ್ಲಿ ಪೆನ್ಸಿಲ್. ಆಗ ಅದ್ಯಾವುದೂ ಇರಲಿಲ್ಲ. ಕಾಲೇಜಿನಿಂದ ಬಂದ ತಂಗಿಯ ಮಗಳು ದಿನಾ ಸಂಜೆ ಓದುತ್ತಿದ್ದಳು. ಒಂದು ಸಾಲಿನಲ್ಲಿ ಎರಡು ಸಲ ಎಡವಿದಳು. "ಮಾಮಾ, ಇದು ಬಾಯಾಗ ಕುಂದ್ರವಲ್ದು" ಅಂದಳು. ಆ ಅನುವಾದವನ್ನು ನಾನೇ ಹಿಂದೆ ಮೆಚ್ಚಿ ಬರೆದಿದ್ದೆ. ಅರ್ಥ ಸರಿಯಾಗಿಯೇ ಇತ್ತು. ಉಸಿರು ಸರಿ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಅವಳ ನಾಲಿಗೆಗೆ ಸಿಕ್ಕಿತು. ಪುಟ್ಟೀ, ನಿನಗೆ ದೊಡ್ಡ ಋಣ.

ಪಕ್ಕದ ಮನೆಯ ಚಾಚಾ ಬಂದು ತಲೆಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಊರು ಇದು, ಉರ್ದು ಇಲ್ಲಿ ಹಲವರ ಮನೆಮಾತು. ಅವರು ಉರ್ದು ಕವಿ ಗಾಲಿಬನ ಗಜಲಿನ ಒಂದು ಸಾಲು ಹೇಳಿದರು: "ಆಖಿರ್ ಇಸ್ ದರ್ದ್ ಕೀ ದವಾ ಕ್ಯಾ ಹೈ." ಸ್ವಲ್ಪ ತಡೆದು, ತಾವೇ ಕನ್ನಡದಲ್ಲಿ "ಕೊನೆಗೂ ಈ ನೋವಿಗೆ ಮದ್ದೇನು?" ಅಂದರು. ನನಗೆ ಮೈ ಜುಮ್ಮೆಂದಿತು. 'ಕ್ಯಾ ಹೈ' ಅನ್ನುವುದು ಆ ಗಜಲಿನ ರದೀಫ್, ಪ್ರತಿ ದ್ವಿಪದಿಯ ಕೊನೆಗೂ ಮತ್ತೆ ಮತ್ತೆ ಬರುವ ಮಾತು. ಕನ್ನಡದಲ್ಲೂ 'ಏನು' ತಾನಾಗಿಯೇ ಕೊನೆಗೆ ಬಂದು ಕೂತಿತು. ಇಂಗ್ಲಿಷಿನಲ್ಲಿ ಅದು ಸಾಲಿನ ಮೊದಲಿಗೆ ಓಡಿಹೋಗುತ್ತದೆ, ಅಲ್ವಾ? ನಮ್ಮ ಜಿಲ್ಲೆಯ ಕವಿ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿದ್ದು ಹೇಗೆ ಅಂತ ಆ ಗಳಿಗೆಯಲ್ಲಿ ಗೊತ್ತಾಯಿತು. ಚಾಚಾ, ಶುಕ್ರಿಯಾ.

ರೊಟ್ಟಿ ಮಾಡಿಕೊಡಲು ಬರುವ ಅಕ್ಕನಿಗೆ ಏನು ಹೇಳಲಿ? ಓದು ನಡೆದಾಗ ಒಳಗೆ ರೊಟ್ಟಿ ಬಡಿಯುವ ಸದ್ದು ಒಮ್ಮೊಮ್ಮೆ ಥಟ್ಟನೆ ನಿಲ್ಲುತ್ತಿತ್ತು. ಆಗ ಆ ಕವಿತೆ ಅಕ್ಕನಿಗೆ ಮುಟ್ಟಿತು ಅಂತ ಲೆಕ್ಕ. ಒಂದು ಸಲ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಆ ತಾಯಿದು ಇನ್ನೊಮ್ಮೆ ಓದವ್ವ" ಅಂದಳು. ಎಲ್ಲಿಯೋ ದೂರದ ದೇಶದ ತಾಯಿ ಅವಳು. ಹೆಸರು ಕೂಡ ಅಕ್ಕ ಕೇಳಲಿಲ್ಲ.

ಫೋನ್ ಮಾಡಿದವರಿಗೆ, ಔಷಧಿ ತಂದವರಿಗೆ, ಸುಮ್ನೆ ಬಂದು ಕೂತು ಹೋದವರಿಗೆ, ಎಲ್ಲರಿಗೂ ಶರಣು.

ಹೊಸ ಅನುವಾದದ ಪುಸ್ತಕವೊಂದು ಮೇಜಿನ ಮೇಲಿದೆ. ಕಣ್ಣು ಬಂದಿದೆ ನಿಜ, ಆದರೂ ಮೊದಲು ಯಾರಾದರೂ ಜೋರಾಗಿ ಓದಬೇಕು. ಸಂಜೆ ಆರಕ್ಕೆ ಬನ್ನಿ, ಚಹಾ ಇರುತ್ತದೆ.