ಮಗಳಿಗೊಂದು ಪತ್ರ: ಕರಿಯನ ಸೆಳೆತದ ಕುರಿತು

ಪ್ರೀತಿಯ ಮಗಳೇ,

ನಿನ್ನ ನಾಯಿ ಕರಿಯನಿಗೆ ಎರಡು ತಿಂಗಳೊಳಗೆ ಎರಡನೆಯ ಸಲ ಸೆಳೆತ (ಫಿಟ್ಸ್) ಬಂದಿತೆಂದು ಫೋನಿನಲ್ಲಿ ಹೇಳುವಾಗ ನಿನ್ನ ಧ್ವನಿ ನಡುಗುತ್ತಿತ್ತು. ಆ ಹೊತ್ತಿನಲ್ಲಿ ನಾನು ಸಮಾಧಾನದ ಮಾತನ್ನಷ್ಟೇ ಆಡಿದೆ. ಇಷ್ಟು ವರ್ಷ ಪಶುವೈದ್ಯನಾಗಿ ಕಲಿತದ್ದನ್ನು ಸಾವಧಾನವಾಗಿ ಬರೆದು ತಿಳಿಸುವುದೇ ಮೇಲೆಂದು ತೋರಿ ಈ ಪತ್ರ ಬರೆಯುತ್ತಿದ್ದೇನೆ.

‘ಅವನಿಗೆ ಏನು ಕಾಯಿಲೆ ಅಪ್ಪ’ ಎಂದು ನೀನು ಮತ್ತೆ ಮತ್ತೆ ಕೇಳಿದೆ. ಜ್ವರದ ಹಾಗೆ ಸೆಳೆತವೂ ಒಂದು ಲಕ್ಷಣ. ಅದರ ಹಿಂದಿನ ಕಾಯಿಲೆಗಳು ಹಲವು. ಆದ್ದರಿಂದ ವೈದ್ಯರಾದವರು ಮೆದುಳಿನಲ್ಲಿ ‘ಎಲ್ಲಿ’ ತೊಂದರೆಯಾಗಿದೆ ಎಂದು ಮೊದಲು ಕೇಳಿಕೊಳ್ಳಬೇಕು, ‘ಏನು’ ಎಂಬ ಪ್ರಶ್ನೆ ಅದರ ನಂತರದ್ದು. ಸೆಳೆತ, ಸ್ವಭಾವದ ಬದಲಾವಣೆ, ಗೋಡೆಗೆ ತಲೆಯೊತ್ತಿ ನಿಲ್ಲುವುದು, ಒಂದೇ ಬದಿಗೆ ಸುತ್ತುತ್ತಲೇ ಇರುವುದು ಇವೆಲ್ಲ ಮುಂಮೆದುಳಿನ ತೊಂದರೆಯನ್ನು ಸೂಚಿಸುತ್ತವೆ. ನಾಯಿ ಸಾಮಾನ್ಯವಾಗಿ ರೋಗವಿರುವ ಬದಿಗೇ ಸುತ್ತುತ್ತದೆ, ದೃಷ್ಟಿ ಕುಂದುವುದು ಮಾತ್ರ ಅದರ ಎದುರು ಬದಿಯಲ್ಲಿ. ಕಿರುಮೆದುಳು ಕೆಟ್ಟರೆ ನಾಯಿ ಕಾಲನ್ನು ಅಗತ್ಯಕ್ಕಿಂತ ಎತ್ತರಕ್ಕೆ ಎತ್ತಿ ಹಾಕುತ್ತದೆ. ಊಟದ ಬಟ್ಟಲಿನತ್ತ ಬಾಗುವಾಗ ಅದರ ತಲೆ ನಡುಗುತ್ತದೆ. ಮೆದುಳುಕಾಂಡಕ್ಕೆ ಪೆಟ್ಟಾದರೆ ಎಚ್ಚರವೇ ಮಂಕಾಗಬಹುದು.

ಇನ್ನು ವಯಸ್ಸು. ಕರಿಯನಿಗೆ ಈಗ 3 ವರ್ಷ. ಮೊದಲ ಸೆಳೆತ 6 ತಿಂಗಳಿನಿಂದ 6 ವರ್ಷದೊಳಗೆ ಬಂದು, ಸೆಳೆತವಿಲ್ಲದ ದಿನಗಳಲ್ಲಿ ನಾಯಿ ಸಂಪೂರ್ಣ ಸಹಜವಾಗಿದ್ದು, ರಕ್ತ ಮತ್ತು ಮೂತ್ರದ ಪರೀಕ್ಷೆಗಳಲ್ಲೂ ದೋಷ ಕಾಣದಿದ್ದರೆ ಅದು ಸ್ವಯಂಜನ್ಯ ಅಪಸ್ಮಾರ, ಅಂದರೆ ಬೇರೆ ಕಾರಣ ಕಾಣದ ಮೂರ್ಛೆರೋಗ, ಇರಬಹುದೆಂದು ತೀರ್ಮಾನಿಸಬಹುದು ಎಂದು ಪಶುವೈದ್ಯ ನರತಜ್ಞರ ಅಂತರರಾಷ್ಟ್ರೀಯ ಕಾರ್ಯಪಡೆಯೊಂದು 2015ರಲ್ಲಿ ಪ್ರಕಟಿಸಿದ ಒಮ್ಮತದ ಸೂತ್ರಗಳು ಹೇಳುತ್ತವೆ. ಇದನ್ನು ನೇರವಾಗಿ ತೋರಿಸಿಕೊಡುವ ಪರೀಕ್ಷೆ ಯಾವುದೂ ಇಲ್ಲ. ಉಳಿದ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುತ್ತ ಇಲ್ಲಿಗೆ ತಲುಪಬೇಕು. ರಕ್ತದಲ್ಲಿ ಸಕ್ಕರೆ ಅಥವಾ ಕ್ಯಾಲ್ಸಿಯಂ ಇಳಿದಿದ್ದರೂ ಸೆಳೆತ ಬರುತ್ತದೆ. ಯಕೃತ್ತನ್ನು ತಪ್ಪಿಸಿ ಹೋಗುವ ಅಡ್ಡ ರಕ್ತನಾಳವಿದ್ದರೆ ಅಮೋನಿಯದಂಥ ವಿಷಗಳು ಸೋಸದೆ ಮೆದುಳಿಗೇರುತ್ತವೆ. ಊಟದ ಮೊದಲು ಮತ್ತು ನಂತರ ಪಿತ್ತಾಮ್ಲಗಳನ್ನು ಅಳೆಯುವುದು ಇದನ್ನು ಪತ್ತೆಹಚ್ಚುವುದಕ್ಕೇ. ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್, ಬಸವನಹುಳುಗಳನ್ನು ಕೊಲ್ಲುವ ವಿಷ ಇವುಗಳಲ್ಲಿ ಯಾವುದಾದರೂ ಅವನ ಬಾಯಿಗೆ ಸಿಕ್ಕಿತ್ತೇ ಎಂದು ಮನೆಯವರನ್ನೆಲ್ಲ ಕೇಳು.

ಎಂಆರ್‌ಐ ಈಗಲೇ ಮಾಡಿಸಬೇಕೇ ಎಂದು ನೀನು ಕೇಳಿದ್ದೆ. ಅದಕ್ಕೆ ನಾಯಿಗೆ ಪೂರ್ಣ ಅರಿವಳಿಕೆ ಕೊಡಬೇಕಾಗುತ್ತದೆ, ಮತ್ತು ಕರಿಯನಂಥ ನಾಯಿಗಳಲ್ಲಿ ಚಿತ್ರ ಬಹುಮಟ್ಟಿಗೆ ಸಹಜವಾಗಿಯೇ ಬರುತ್ತದೆ. ಮೊದಲ ಸೆಳೆತ 6 ವರ್ಷ ದಾಟಿದ ಮೇಲೆ ಬಂದಿದ್ದರೆ, ಅಥವಾ ಸೆಳೆತಗಳ ನಡುವಿನ ದಿನಗಳಲ್ಲೂ ನಡಿಗೆಯಲ್ಲೋ ದೃಷ್ಟಿಯಲ್ಲೋ ವ್ಯತ್ಯಾಸ ಕಂಡಿದ್ದರೆ ನಾನೇ ಒತ್ತಾಯ ಮಾಡುತ್ತಿದ್ದೆ. ಗೆಡ್ಡೆಯೋ ಉರಿಯೂತವೋ ಇದೆಯೇ ಎಂದು ಆಗ ನೋಡಲೇಬೇಕು. ಪಗ್, ಮಾಲ್ಟೀಸ್‌ನಂಥ ಸಣ್ಣ ತಳಿಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಮೇಲೆರಗುವ ಉರಿಯೂತವೊಂದಿದೆ; ಎಂಆರ್‌ಐ ಜೊತೆಗೆ ಮೆದುಳು-ಬೆನ್ನುಹುರಿ ದ್ರವವನ್ನೂ ಪರೀಕ್ಷಿಸಿ, ಸೋಂಕು ಇಲ್ಲವೆಂದು ಖಚಿತಪಡಿಸಿಕೊಂಡು, ಪ್ರೆಡ್ನಿಸೊಲೋನ್‌ನಂಥ ಔಷಧಗಳಿಂದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸಿ ಅದಕ್ಕೆ ಚಿಕಿತ್ಸೆ ಕೊಡುತ್ತಾರೆ. ಲಸಿಕೆ ಹಾಕಿಸದ ನಾಯಿಯಾದರೆ ಡಿಸ್ಟೆಂಪರ್ ಎಂಬ ವೈರಾಣು ರೋಗ ಮತ್ತು ರೇಬೀಸ್ ಎರಡನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕರಿಯನಿಗೆ ಎರಡೂ ಲಸಿಕೆಗಳು ಸಕಾಲದಲ್ಲಿ ಆಗಿವೆ ಎಂಬುದು ನನಗೆ ದೊಡ್ಡ ನೆಮ್ಮದಿ.

ನಿನಗೆ ಈವರೆಗೆ ಹೇಳದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ನಾನು ವೃತ್ತಿಗೆ ಹೊಸಬನಾಗಿದ್ದಾಗ ಒಂದು ಮುದಿ ನಾಯಿಯನ್ನು ಎತ್ತಿಕೊಂಡು ಬಂದರು. ಬೆಳಗಾಗುವಷ್ಟರಲ್ಲಿ ಅದರ ತಲೆ ಒಂದು ಬದಿಗೆ ವಾಲಿತ್ತು, ಕಣ್ಣುಗುಡ್ಡೆಗಳು ಅತ್ತಿಂದಿತ್ತ ಓಡುತ್ತಿದ್ದವು, ಎದ್ದರೆ ಉರುಳಿಬೀಳುತ್ತಿತ್ತು. ಪಾರ್ಶ್ವವಾಯುವೆಂದು ಮನೆಯವರೂ ನಂಬಿದರು, ನಾನೂ ನಂಬಿದೆ. ನರಳುವುದು ಬೇಡವೆಂದು ಅವರು ಬೇಡಿಕೊಂಡಾಗ ದಯಾಮರಣದ ಚುಚ್ಚುಮದ್ದು ಕೊಟ್ಟೆ. ವಯಸ್ಸಾದ ನಾಯಿಗಳಲ್ಲಿ ಒಳಕಿವಿಯ ಸಮತೋಲನ ವ್ಯವಸ್ಥೆ ಕಾರಣವಿಲ್ಲದೆ ಹೀಗೆ ಹಠಾತ್ತಾಗಿ ಕೈಕೊಡುವುದುಂಟೆಂದೂ, ಕೆಲವು ದಿನಗಳಲ್ಲಿ ಚೇತರಿಕೆ ಶುರುವಾಗಿ ಎರಡು ಮೂರು ವಾರಗಳಲ್ಲಿ ಹೆಚ್ಚಿನ ನಾಯಿಗಳು ಮೊದಲಿನಂತೆ ಓಡಾಡುತ್ತವೆಂದೂ ಅನುಭವದಿಂದ ತಿಳಿಯುವ ಹೊತ್ತಿಗೆ ಆ ನಾಯಿ ಇರಲಿಲ್ಲ. ಅದರ ಕಾಯಿಲೆ ಇದೇ ಆಗಿತ್ತೆಂದು ಖಚಿತವಾಗಿ ಹೇಳಲಾರೆ, ಆದರೆ ನಾನು ಕಾಯಲಿಲ್ಲ. ಅಂದಿನಿಂದ ಮೆದುಳಿನ ರೋಗದಂತೆ ಕಾಣುವ ಯಾವ ನಾಯಿಯ ಭವಿಷ್ಯವನ್ನೂ ಮೊದಲ ದಿನವೇ ತೀರ್ಮಾನಿಸಿಲ್ಲ.

ಆರು ತಿಂಗಳಲ್ಲಿ ಎರಡು ಸೆಳೆತ ಬಂದರೆ ಔಷಧ ಆರಂಭಿಸುವುದು ವಾಡಿಕೆ, ಹಾಗಾಗಿ ನಿಮ್ಮ ವೈದ್ಯರು ಫೆನೋಬಾರ್ಬಿಟಾಲ್ ಬರೆದುಕೊಟ್ಟಿರುವುದು ಸರಿಯಾಗಿದೆ. ಮೊದಲ ವಾರಗಳಲ್ಲಿ ಅವನು ತೂಕಡಿಸುತ್ತಾನೆ, ಹಿಂಗಾಲು ತಡವರಿಸಬಹುದು, ಹಸಿವು ಮತ್ತು ಬಾಯಾರಿಕೆ ಹೆಚ್ಚುತ್ತವೆ; ಹಸಿವೆಂದು ಬಟ್ಟಲು ತುಂಬಿಸಬೇಡ, ತೂಕ ಏರುತ್ತದೆ. ರಕ್ತದಲ್ಲಿ ಔಷಧದ ಮಟ್ಟ ಸ್ಥಿರವಾಗಲು ಸುಮಾರು ಎರಡು ವಾರ ಬೇಕು, ಆಮೇಲೆ ಅದನ್ನು ಅಳೆಸಬೇಕು. ಕಾಲಕ್ರಮದಲ್ಲಿ ಯಕೃತ್ತು ಈ ಔಷಧವನ್ನು ಬೇಗ ಬೇಗ ಒಡೆಯಲು ಕಲಿಯುವುದರಿಂದ ಅದೇ ಗುಳಿಗೆ ಮುಂದೆ ಸಾಲದೇ ಹೋಗಬಹುದು. ಅದಕ್ಕಾಗಿ ಮತ್ತು ಯಕೃತ್ತಿನ ಆರೋಗ್ಯಕ್ಕಾಗಿ ಆರು ತಿಂಗಳಿಗೊಮ್ಮೆಯಾದರೂ ಪರೀಕ್ಷೆ ತಪ್ಪಬಾರದು. ಇದೊಂದೇ ಸಾಲದಿದ್ದರೆ ಪೊಟ್ಯಾಸಿಯಂ ಬ್ರೋಮೈಡ್ ಅಥವಾ ಲೆವೆಟಿರಾಸೆಟಮ್ ಸೇರಿಸುವ ದಾರಿಯಿದೆ. ಸೆಳೆತ ಪೂರ್ತಿ ನಿಂತೇ ಹೋಗುತ್ತದೆಂದು ನಿನಗೆ ಮಾತು ಕೊಡಲಾರೆ. ಅವುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದರೂ ಅದು ಒಳ್ಳೆಯ ಫಲಿತಾಂಶವೇ. ಆದರೆ ಎರಡು ತಿಂಗಳು ಚೆನ್ನಾಗಿದ್ದನೆಂದು ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಬೇಡ. ಹಾಗೆ ನಿಲ್ಲಿಸಿದ ಮನೆಗಳಿಂದ, ಒಂದರ ಹಿಂದೊಂದು ಸೆಳೆತ ಬರುತ್ತಿದ್ದ ನಾಯಿಗಳನ್ನು ರಾತ್ರೋರಾತ್ರಿ ನನ್ನಲ್ಲಿಗೆ ತಂದದ್ದುಂಟು.

ಮತ್ತೆ ಸೆಳೆತ ಬಂದರೆ ಮೊದಲು ಗಡಿಯಾರ ನೋಡು. ಅವನ ಬಾಯಿಗೆ ಕೈ ಹಾಕಬೇಡ. ನಾಯಿ ನಾಲಿಗೆಯನ್ನು ನುಂಗುವುದಿಲ್ಲ, ಆದರೆ ಅರಿವಿಲ್ಲದೆ ಕಚ್ಚುತ್ತದೆ. ಸುತ್ತಲಿನ ಸಾಮಾನು ಸರಿಸಿ, ದೀಪ ತಗ್ಗಿಸಿ, ಜೊತೆಯಲ್ಲಿರುವವರಿಂದ ವಿಡಿಯೊ ಮಾಡಿಸು. ಎಷ್ಟೋ ಸಲ ಆ ಒಂದು ನಿಮಿಷದ ಚಿತ್ರ ವೈದ್ಯರ ಅರ್ಧ ಕೆಲಸವನ್ನು ಮುಗಿಸುತ್ತದೆ. ಸೆಳೆತ 5 ನಿಮಿಷ ದಾಟಿದರೆ, ಅಥವಾ 24 ಗಂಟೆಯೊಳಗೆ ಮತ್ತೊಂದು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿ. ದೀರ್ಘ ಸೆಳೆತದಲ್ಲಿ ಮೈಯ ಬಿಸಿ ಏರಿ ಮೆದುಳಿಗೇ ಹಾನಿಯಾಗುತ್ತದೆ. ಸೆಳೆತವನ್ನು ನಿಲ್ಲಿಸಲು ಗುದದ್ವಾರದ ಮೂಲಕ ಡಯಾಜೆಪಾಮ್ ಅಥವಾ ಮೂಗಿನ ಮೂಲಕ ಮಿಡಜೋಲಾಮ್ ಕೊಡುವ ಕ್ರಮವನ್ನು ವೈದ್ಯರಿಂದ ಈಗಲೇ ಕಲಿತುಕೊಂಡು ಔಷಧವನ್ನು ಮನೆಯಲ್ಲಿಟ್ಟುಕೋ.

ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ಸೆಳೆತ ಇದ್ದಷ್ಟು ಹೊತ್ತು, ಮೊದಲು ಅದುರಿದ ಅಂಗ, ಎಚ್ಚರವಾಗಲು ಹಿಡಿದ ಸಮಯ ಇವನ್ನು ಬರೆಯುತ್ತಾ ಹೋಗು. ಕಳೆದ ಎರಡು ಸೆಳೆತಗಳ ವಿವರವನ್ನು ನೆನಪು ಮಾಸುವ ಮೊದಲು ಇವತ್ತೇ ಬರೆದಿಡು, ರಕ್ತಪರೀಕ್ಷೆಯ ವರದಿ ಬಂದ ಕೂಡಲೇ ನನಗೆ ಕಳುಹಿಸು.

ನಿನ್ನ ಪ್ರೀತಿಯ
ಅಪ್ಪ